ತೆಂಗಿನಹಾಲಿನ ಐಸ್‌ಕ್ರೀಮ್

ಹಸುವಿನ ಹಾಲು ಬಾಯಿಗೆ ಸೋಕಿದರೆ ಸಾಕು, ಮಗಳ ಗಂಟಲು ಊದಿಕೊಂಡು ಉಸಿರು ಕಟ್ಟುತ್ತಿತ್ತು. ಅದಕ್ಕೇ ತಾಯಿ ಹಲಸಿನ ತೊಳೆ ರುಬ್ಬಿ, ತೆಂಗಿನಹಾಲು ಬೆರೆಸಿ ಐಸ್‌ಕ್ರೀಮ್ ಮಾಡಿದ್ದಳು.

“ನಿಮ್ಮಪ್ಪನ ಮನೇಲಿ ಹಸು ಕಂಡಿದ್ರೆ ತಾನೆ. ಕೂಸನ್ನ ನೀನೇ ರೋಗಿಷ್ಟೆ ಮಾಡಿದೀಯ,” ಎನ್ನುತ್ತ ಗಂಡ ಬಟ್ಟಲಿಗೆ ಹಾಲಿನ ಕೆನೆ ಸುರಿದ.

“ಬೇಡ ರೀ, ಸತ್ತೋಗ್ತಾಳೆ.”

ಅಡ್ಡ ಬಂದವಳ ಕೆನ್ನೆಗೆ ಬಿದ್ದ ಏಟಿಗೆ ಬಾಯಲ್ಲಿ ರಕ್ತ ಬಂತು. ಅವನು ಮಗಳನ್ನು ಮೊಣಕಾಲುಗಳ ನಡುವೆ ಅದುಮಿ, ಮೂಗು ಹಿಡಿದು, ಚಮಚ ಎತ್ತಿದ.

ಮಗನಿಗೆ ಎಂದೂ ಎದುರಾಡದ ಅತ್ತೆ ಲಟ್ಟಣಿಗೆಯಿಂದ ಅವನ ಮಣಿಕಟ್ಟಿಗೆ ಬೀಸಿ ಹೊಡೆದಳು. ಮೂಳೆ ಲಟಕ್ಕೆಂದಿತು.

“ಹುಚ್ಚು ಹಿಡೀತೇನವ್ವ ನಿಂಗೆ?” ಎಂದು ಅವನು ನರಳಿದ.

“ನಿನ್ನ ತಮ್ಮ ಜ್ವರ ಬಂದು ಸಾಯ್ಲಿಲ್ಲ ಕಣೋ. ನಾನೇ ಹಿಂಗೇ ಮೂಗು ಹಿಡಿದು, ಒಳಲೇಲಿ ಕೂಸಿನ ಬಾಯಿಗೆ ಹಸುವಿನ ಹಾಲು ಹೊಯ್ದಿದ್ದೆ.”