ಅಂಕಯ್ಯನವರ ಫೋನಿನಲ್ಲಿ ಜಾಗವಿಲ್ಲ

"ಒಂದನ್ನ ಅಳ್ಸಿದ್ರೂ ನಾ ಸುಮ್ಕಿರಾಕಿಲ್ಲ" ಎಂದು ಅಂಕಯ್ಯ ತಮ್ಮ ಫೋನನ್ನು ವೀಣಳ ಕೈಯಿಂದ ಕಿತ್ತುಕೊಂಡರು.

ವೀಣ ಬೆಚ್ಚಿದಳು. ಮದ್ದೂರು ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಅವಳು ಕೆಲಸಕ್ಕಿದ್ದಳು. ಸ್ಟೋರೇಜ್ ಫುಲ್ ಎಂದು ಬಂದವರಿಗೆಲ್ಲ ಅವಳದು ಒಂದೇ ಮದ್ದು: ಗುಡ್ ಮಾರ್ನಿಂಗ್ ಗುಲಾಬಿ, ದೇವರ ಪಟ, ಹತ್ತು ಸಲ ಬಂದ ಅದೇ ವಿಡಿಯೋ, ಎಲ್ಲವನ್ನೂ ಗುಡಿಸಿ ಹಾಕುವುದು. ನಿಡಘಟ್ಟದಿಂದ ಬಂದ ಈ ಮುದುಕರ ಫೋನಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಇದ್ದದ್ದು ಬರೀ ದನಿ. ಸಾಲುಸಾಲು ರೆಕಾರ್ಡಿಂಗು. ಎಲ್ಲಕ್ಕೂ ಒಂದೇ ಹೆಸರು, ಮರಿತಾಯಮ್ಮ.

ಮನೆಯವರಾ ಎಂದು ವೀಣ ಕೇಳಿದಳು.

"ಊಂ ಕಣವ್ವ. ನಲವತ್ತು ವರ್ಸ ಕೇಳ್ದ ದನಿ."

ಅಷ್ಟರಲ್ಲಿ ತಲೆಯ ಟವೆಲು ಜಾರಿತು. ನುಣ್ಣಗೆ ಬೋಳಿಸಿದ ತಲೆ, ಕೂದಲಿನ್ನೂ ಚಿಗುರಿರಲಿಲ್ಲ. ಅಯ್ಯೋ ಶಿವನೇ ಎಂದುಕೊಂಡಳು ವೀಣ. ಜಾರಿದ ಟವೆಲನ್ನು ಎತ್ತಿಕೊಟ್ಟಳು.

ಅಂಗಡಿಯ ಮಾಲೀಕ ದೇವರಾಜು ಗಲ್ಲಾದಿಂದಲೇ ಬಾಯಿ ಹಾಕಿದ. ಇನ್ನೂ ಬಾರದ ಫೋನುಗಳ ಜಾತಕ ಹೇಳುವುದರಲ್ಲಿ ಇವನನ್ನು ಮೀರಿಸಿದವರು ಮದ್ದೂರಿನಲ್ಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇವನು ಆ ಕೂಸಿಗೆ ಸ್ಕೂಲಿನಲ್ಲಿ ಸೀಟನ್ನೂ ಹಿಡಿದಿಟ್ಟಿರುತ್ತಾನೆ. ದಸರಾ ಹೊತ್ತಿಗೆ ಬರುವ ಫೋನಿಗೆ ಎರಡು ಟಿಬಿ ಜಾಗವಂತೆ. ಮೆಮೊರಿ ಕಾರ್ಡಿನ ಕಿಂಡಿ ಮತ್ತೆ ಬರುತ್ತದಂತೆ. ಆಡಿದ ಮಾತನ್ನೆಲ್ಲ ಅದೇ ಬರೆದುಕೊಂಡು ಕೊನೆಗೆ ಸಾರಾಂಶವನ್ನೂ ಹೇಳುತ್ತದಂತೆ. ಒಬ್ಬ ಮನುಷ್ಯನ ಆಯಸ್ಸಿನ ಮಾತೆಲ್ಲ ತುಂಬಿದರೂ ಒಂದು ಮೂಲೆ ಖಾಲಿ ಉಳಿಯುತ್ತದಂತೆ. ಈ ಅಂತೆಕಂತೆ ನಿಡಘಟ್ಟಕ್ಕೂ ಮುಟ್ಟಿದ್ದರಿಂದಲೇ ಅಂಕಯ್ಯ ಬಸ್ಸು ಹತ್ತಿ ಬಂದಿದ್ದರು.

ಎರಡು ಟಿಬಿ ಎಂದಾಗ ಅವರ ಕಣ್ಣರಳಿತು. ದಸರಾ ಎಂದಾಗ ಮುಖ ಇಳಿಯಿತು.

"ಅಲ್ಲೀಗಂಟ ಆಗಾಕಿಲ್ಲ. ಭಾನುವಾರ ಊರ್ನೋರೆಲ್ಲ ಸೇರ್ತಾರೆ. ಅವ್ಳ ದನಿ ಎಲ್ರೂ ಕೇಳ್ಬೇಕು."

ಭಾನುವಾರ ತಿಥಿ ಇರಬೇಕು ಎಂದುಕೊಂಡಳು ವೀಣ. ಎಡೆ ಇಟ್ಟು ಊರಿಗೆಲ್ಲ ಬಡಿಸಿ, ಹೋದವಳ ದನಿಯನ್ನೂ ಕೇಳಿಸಬೇಕೆಂದು ಒದ್ದಾಡುವ ಗಂಡ. ಇಂಥವರೂ ಇದ್ದಾರಲ್ಲ ಎನಿಸಿತು.

ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ ಎಂದಳು. ಅಂಕಯ್ಯ ಒಪ್ಪಲಿಲ್ಲ. ಯಾರಾದರೂ ಕೇಳಿದ ತಕ್ಷಣ ಅಲ್ಲೇ ಕೇಳಿಸಬೇಕಂತೆ, ಯಾವತ್ತಿನದು ಎಂದು ತಾರೀಕು ತೋರಿಸಬೇಕಂತೆ, ಮೇಲಾಗಿ ಇನ್ನೂ ತುಂಬಿಸಲು ಜಾಗ ಬೇಕಂತೆ. ಇನ್ನೂ ತುಂಬಿಸುವುದು ಏನನ್ನು? ವೀಣಳಿಗೆ ತಿಳಿಯಲಿಲ್ಲ. ದುಃಖದಲ್ಲಿ ಬುದ್ಧಿ ಒಂದು ಸುತ್ತು ಆಚೀಚೆ ಆಗುವುದುಂಟು ಎಂದು ತಾನೇ ಸಮಾಧಾನ ಮಾಡಿಕೊಂಡು, ಊಟವಾಯಿತಾ ತಾತ ಎಂದಳು.

"ಯಾರಿಕ್ತಾರವ್ವ? ಮುದ್ದೆ ತಿರುವೋನೂ ನಾನೆ, ಉಣ್ಣೋನೂ ನಾನೆ."

ಇದನ್ನು ಕೇಳಿ ದೇವರಾಜು ಕೂಡ ದಸರಾ ಫೋನಿನ ಮಾತು ಬಿಟ್ಟು ಒಂದು ಸ್ಟೂಲು ಎಳೆದು ಕೊಟ್ಟ. ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ.

ಅಷ್ಟನ್ನೆಲ್ಲ ಹಿಡಿಸಬಲ್ಲ ಫೋನು ಅಂಗಡಿಯಲ್ಲಿದ್ದದ್ದು ಒಂದೇ, ಐನೂರ ಹನ್ನೆರಡು ಜಿಬಿಯದು. ಅದು ವೀಣಳಿಗೆಂದು ಎತ್ತಿಟ್ಟಿದ್ದು. ಗಾಜಿನ ಪೆಟ್ಟಿಗೆಯಲ್ಲಿ ತೋರಿಸಲು ಇಟ್ಟಿದ್ದ ಪೀಸು; ಅರ್ಧ ಬೆಲೆಗೆ ಕೊಡುತ್ತೇನೆಂದು ದೇವರಾಜು ಮಾತು ಕೊಟ್ಟಿದ್ದ. ಅವಳು ರವಿಕೆಗೆ ಕಸೂತಿ ಹಾಕಿ ಅದರ ವಿಡಿಯೋ ಮಾಡುತ್ತಿದ್ದಳು. ಅವಳ ಹಳೆಯ ಫೋನು ಹೊಸ ವಿಡಿಯೋ ಹಿಡಿಯಬೇಕಾದರೆ ಹಳೆಯದೊಂದನ್ನು ಅಳಿಸು ಎನ್ನುತ್ತಿತ್ತು. ಮದುವೆಗಳು ಶುರುವಾಗುವ ಮುಂಚೆ ದೊಡ್ಡ ಫೋನು ಕೈಗೆ ಬಂದರೆ ನಾಲ್ಕು ಜನಕ್ಕೆ ಕೆಲಸ ತೋರಿಸಿ, ಈ ಅಂಗಡಿಯ ಚಾಕರಿ ಬಿಡಬಹುದು ಎಂದು ಆಸೆ. ಬಿಟ್ಟುಕೊಡುವುದೆಂದರೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ. ಆದರೂ ಎದುರಿಗೆ ಆ ಬೋಳುತಲೆ ಇತ್ತಲ್ಲ. ಎದ್ದು ಹೋಗಿ ಫೋನು ತಂದು ಮುಂದಿಟ್ಟಳು. ತನಗೆ ಹೇಳಿದ್ದ ಬೆಲೆಗೇ ಕೊಡಿ ಎಂದು ದೇವರಾಜುವಿಗೆ ಹೇಳಿದಳು.

ಎಲ್ಲವನ್ನೂ ಹೊಸ ಫೋನಿಗೆ ತುಂಬಿಸಿದಳು. ಒಂದನ್ನೂ ಕೇಳಲಿಲ್ಲ. ಗಂಡ ಹೆಂಡಿರ ಮಾತಿಗೆ ಕಿವಿ ಕೊಡುವುದು ಒಳ್ಳೆಯದಲ್ಲ ಎಂದು ಅವಳ ಅಮ್ಮ ಹೇಳುತ್ತಿದ್ದಳು. ಅಂಕಯ್ಯ ಒಂದೊಂದರ ಮೇಲೂ ಬೆರಳಿಟ್ಟು, ಎಲ್ಲ ಬಂದಿದೆಯೇ ಎಂದು ನೋಡಿದರು. ಅವರ ಕಣ್ಣು ತುಂಬಿತ್ತು.

"ನಿನ್ನೊಟ್ಟೆ ತಣ್ಗಿರ್ಲಿ ಕಣವ್ವ. ಇಲ್ಲೀಗಂಟ ನನ್ ಮಾತ ಯಾರೂ ನಂಬ್ನಿಲ್ಲ."

ಆ ದಿನವೆಲ್ಲ ವೀಣ ಪುಣ್ಯ ಕಟ್ಟಿಕೊಂಡವಳ ಗತ್ತಿನಲ್ಲಿ ಓಡಾಡಿದಳು. ಎರಡು ಟಿಬಿ ಬಂದಾಗ ನಿನಗೇ ಮೊದಲನೆಯದು ಎಂದು ದೇವರಾಜು ಅವಳಿಗೂ ಒಂದು ಕುಲಾವಿ ಹೊಲಿಸಿದ.

ಶನಿವಾರ ಮಧ್ಯಾಹ್ನ ಒಬ್ಬ ಗಟ್ಟಿ ಮುದುಕಿ ಅಂಗಡಿಗೆ ನುಗ್ಗಿದರು. ಹಣೆ ತುಂಬ ಕುಂಕುಮ, ಬಾಯಿ ತುಂಬ ಎಲೆಅಡಿಕೆ. ಸೊಂಟದಿಂದ ಒಂದು ಫೋನು ತೆಗೆದು ಮೇಜಿನ ಮೇಲೆ ಕುಕ್ಕಿ, ನಿಡಘಟ್ಟದ ಅಂಕಯ್ಯನಿಗೆ ದೊಡ್ಡ ಫೋನು ಕೊಟ್ಟವಳು ನೀನೇನಾ ಎಂದು ಕೇಳಿದರು. ನೆಂಟರಿರಬೇಕು. ವೀಣ ಮೆತ್ತಗೆ ಹೌದೆಂದಳು. ಪಾಪ, ಹೆಂಡತಿ ತೀರಿಕೊಂಡ ಸಂಕಟದಲ್ಲಿದ್ದರು, ನೋಡಲಾಗಲಿಲ್ಲ ಎಂದಳು.

ಮುದುಕಿ ಅಗಿಯುವುದನ್ನು ನಿಲ್ಲಿಸಿದರು.

"ತೀರ್ಕಂಡಿಲ್ಲ ಕಣವ್ವ, ನಿನ್ ಮುಂದೇನೇ ನಿಂತವ್ಳೆ. ನಾಳೆ ನಮ್ಮಿಬ್ರುದು ನ್ಯಾಯ. ಇವ್ಳು ದಿನಾ ಬಯ್ತಾಳೆ ಅಂತ ಊರ ಯಜಮಾನ್ರಿಗೆ ಸಾಕ್ಸಿ ಕೇಳ್ಸ್ತಾನಂತೆ. ಗೆಲ್ಲಲಿ ಅಂತ ಮಾದಪ್ಪನ್ ಬೆಟ್ಟಕ್ಕೋಗಿ ಮುಡಿ ಬೇರೆ ಕೊಟ್ ಬಂದವ್ನೆ."

ಮರಿತಾಯಮ್ಮ ತಮ್ಮ ಫೋನನ್ನು ಅವಳ ಕಡೆಗೆ ತಳ್ಳಿದರು.

"ಅವ್ನು ಬಯ್ದಿರಾದೆಲ್ಲ ಇದ್ರಲ್ಲದೆ, ತುಂಬೋಗದೆ. ಅವ್ನಿಗ್ ಕೊಟ್ಟಿದ್ಕಿಂತ ದೊಡ್ದು ತಗಿ."