ಬಿಳಿ ಗೌನು

"ಅಮ್ಮಾ, ನಾಳೆ ಚರ್ಚಲ್ಲಿ ಆ ಮಕ್ಕಳ ಸಾಲಲ್ಲಿ ನಾನು ನಿಲ್ಲಲ್ಲ."

ಬಿಳಿ ಗೌನು ತೊಟ್ಟು ಸ್ಟೂಲಿನ ಮೇಲೆ ನಿಂತಿದ್ದ ಮಗಳು ಇದನ್ನು ಹೇಳಲು ಒಳ್ಳೇ ಹೊತ್ತನ್ನೇ ಆರಿಸಿಕೊಂಡಿದ್ದಳು. ಕೆಳಗೆ ಮಂಡಿಯೂರಿ ಗೌನಿನ ಅಂಚು ಮಡಚುತ್ತಿದ್ದ ಅವಳ ತಾಯಿ ಟೈಲರಮ್ಮನ ತುಟಿಗಳ ನಡುವೆ ಐದಾರು ಗುಂಡುಸೂಜಿಗಳಿದ್ದವು. ಬೈಯಲು ಬಾಯಿ ತೆರೆದರೆ ಅವು ಉದುರುತ್ತವೆ, ಇಲ್ಲವೇ ಗಂಟಲಿಗೇ ಇಳಿಯುತ್ತವೆ. "ಉಂ?" ಎನ್ನುವುದಷ್ಟೇ ಅವಳಿಗೆ ಸಾಧ್ಯವಾಯಿತು.

"ಪಾಸ್ಟರ್ ಒಬ್ಬೊಬ್ಬರನ್ನೇ ಕೇಳ್ತಾರಲ್ಲ, 'ಇದನ್ನೆಲ್ಲ ನಂಬುತ್ತೀಯಾ' ಅಂತ. ಎಲ್ಲರೂ 'ನಂಬುತ್ತೇನೆ' ಅನ್ನಬೇಕು. ನಾನು ಕೆಲವು ನಂಬ್ತೀನಿ, ಕೆಲವು ಇನ್ನೂ ಯೋಚನೆ ಮಾಡ್ತಿದ್ದೀನಿ. ಅರ್ಧಂಬರ್ಧ ಮನಸ್ಸಿಟ್ಕೊಂಡು ದೇವರ ಮುಂದೆ ನಿಂತು ಪೂರ್ತಿ ನಂಬ್ತೀನಿ ಅಂತ ಹೇಗೆ ಹೇಳ್ಲಿ?"

ಟೈಲರಮ್ಮ ಸೂಜಿಗಳನ್ನೆಲ್ಲ ಅಂಗೈಗೆ ಉಗುಳಿಕೊಂಡಳು. "ಇದನ್ನೆಲ್ಲ ತಲೆಗೆ ತುಂಬಿದ್ದು ಯಾರು? ಆ ಫೋನಾ?"

"ಫೋನಲ್ಲಿ ನಾಯಿಮರಿ ವಿಡಿಯೋ ಬಿಟ್ಟು ಬೇರೇನೂ ನೋಡಲ್ಲ ಅಂತ ನೀನೇ ಬೈತಿರ್ತೀಯಲ್ಲ?"

ಇವಳು ಕೈಗೂಸಾಗಿದ್ದಾಗ ದೀಕ್ಷಾಸ್ನಾನ ಮಾಡಿಸಿ, ಇವಳ ಪರವಾಗಿ ದೇವರಿಗೆ ಮಾತು ಕೊಟ್ಟವರು ಅಪ್ಪ ಅಮ್ಮ. ಹದಿನೈದು ತುಂಬಿದ ಮೇಲೆ ಆ ಮಾತನ್ನು ತಾನೇ ಹೇಳಬೇಕು, ಅದಕ್ಕೇ ನಾಳಿನ ದೃಢೀಕರಣ. ಚರ್ಚಿನ ಆ ಸಾಲಿನ ಹೆಣ್ಣುಮಕ್ಕಳಿಗೆಲ್ಲ ಗೌನು ಹೊಲಿದು ಕೊಟ್ಟು, ಟೈಲರಮ್ಮ ಕೊನೆಗೆ ಉಳಿಸಿಕೊಂಡದ್ದು ಸ್ವಂತ ಮಗಳದ್ದನ್ನು. ನಾಳೆ ಅವರೆಲ್ಲ ಸಾಲಾಗಿ ನಿಂತಾಗ ಇವಳೊಬ್ಬಳು ಬೆಂಚಿನಲ್ಲಿ ಕೂತಿದ್ದರೆ ಜನರಿಗೆ ಹೇಗೆ ಮುಖ ತೋರಿಸುವುದು? ಅದಾದರೂ ನಾಲ್ಕು ದಿನದ ಮಾತು. ಕಾಲ ಕೆಟ್ಟಿದೆ, ಮಕ್ಕಳು ಕೈತಪ್ಪುತ್ತಿದ್ದಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ಕಾಲ ತನ್ನ ಮನೆಯೊಳಗೇ, ತಾನೇ ತಂದಿಟ್ಟ ಸ್ಟೂಲಿನ ಮೇಲೇ ಹತ್ತಿ ನಿಂತಿತೇ ಎಂದು ಅವಳಿಗೆ ನಿಜಕ್ಕೂ ಭಯವಾಯಿತು.

"ಕೇಕಿನ ಮೇಲೆ ಹೆಸರು ಬರೆಸಿಬಿಟ್ಟಿದ್ದೀನಲ್ಲಮ್ಮಾ!" ಬೇಕರಿಯ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದ ಅಪ್ಪ ಕಂಗಾಲಾಗಿ ಹೇಳಿದ. "ಈಗ ಪಾಸ್ಟರಿಗೆ ಏನು ಹೇಳೋದು?"

"ಅವರಿಗೆ ನಿನ್ನೆಯೇ ಹೇಳ್ದೆ ಅಪ್ಪಾ."

"ಏನಂದ್ರು?"

"'ಆತುರ ಏನಿಲ್ಲ ಮಗು, ದೇವರು ಎಲ್ಲೂ ಓಡಿಹೋಗಲ್ಲ. ಅಮ್ಮನಿಗೆ ಹೇಳಿದ್ದೀಯಾ?' ಅಂದ್ರು. ಇಲ್ಲ ಅಂದೆ. 'ಹಾಗಾದ್ರೆ ಮೊದಲು ಅದಕ್ಕೆ ಪ್ರಾರ್ಥನೆ ಮಾಡೋಣ' ಅಂದ್ರು."

ಅಪ್ಪ ಕಿಸಕ್ಕೆಂದು ನಕ್ಕ. ಟೈಲರಮ್ಮ ಕಣ್ಣು ಕೆಂಪಗೆ ಮಾಡಿದ ಕೂಡಲೇ ಅದನ್ನು ಕೆಮ್ಮು ಮಾಡಿಕೊಂಡ.

"ಹಾಗಾದ್ರೆ ನಾಳೆ ಮನೇಲೇ ಬಿದ್ದಿರ್ತೀಯಾ?" ಎಂದಳು ಟೈಲರಮ್ಮ.

"ಯಾಕೆ? ಬರ್ತೀನಿ. ನಿನ್ನ ಪಕ್ಕ ಕೂತು ಹಾಡ್ತೀನಿ. ಮುಂದಿನ ವಾರಾನೂ ಬರ್ತೀನಿ. ಮನಸ್ಸಿಗೆ ಬಂದ ದಿನ ನಾನೇ ಎದ್ದು ಹೇಳ್ತೀನಿ."

ಮುಂದಿನ ವಾರ! ಟೈಲರಮ್ಮನ ಅಕ್ಕನ ಮಗ ಹೋದ ವರ್ಷ ಗೋಡೆ ಅದುರುವಂತೆ "ನಂಬುತ್ತೇನೆ" ಎಂದಿದ್ದ. ಫೋಟೋ ತೆಗೆಸಿಕೊಂಡ, ಉಡುಗೊರೆಯ ವಾಚು ಕಟ್ಟಿಕೊಂಡ, ಅಷ್ಟೇ. ಆಮೇಲೆ ಚರ್ಚಿನ ಕಡೆ ತಲೆ ಹಾಕಿಲ್ಲ. ಇಲ್ಲಿ ಇವಳು ಒಂದೇ ಒಂದು ಮಾತಾಡಲು ಇಷ್ಟು ತೂಗಿ ನೋಡುತ್ತಿದ್ದಾಳೆ. ಟೈಲರಮ್ಮ ತಲೆಯೆತ್ತಿ ಮಗಳ ಮುಖ ನೋಡಿದಳು. ಹಟವಿರಲಿಲ್ಲ, ಉಡಾಫೆಯೂ ಇರಲಿಲ್ಲ. ಅಮ್ಮನಿಗೆ ನೋವಾಯಿತಲ್ಲ ಎಂದು ಕಣ್ಣುಗಳು ತುಂಬಿಕೊಂಡಿದ್ದವು, ಆದರೆ ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ದೇವರನ್ನು ಇವಳು ಹಗುರವಾಗಿ ತೆಗೆದುಕೊಂಡಿಲ್ಲ ಎಂದುಕೊಂಡಾಗ ಟೈಲರಮ್ಮನ ಸಿಟ್ಟಿನ ನಡುವೆಯೇ ಒಂದು ಸಂತೋಷ ತಲೆಯೆತ್ತಿತು. ಮಗಳನ್ನು ತಾನು ಚೆನ್ನಾಗಿಯೇ ಬೆಳೆಸಿದ್ದೇನೆ ಅನ್ನಿಸಿತು.

"ಅಲ್ಲಾಡಬೇಡ, ನೆಟ್ಟಗೆ ನಿಲ್ಲು."

ಅಂಚಿನಲ್ಲಿ ಹೆಚ್ಚಾಗಿದ್ದ ಬಟ್ಟೆಯನ್ನು ಕತ್ತರಿಸಲು ಸೀಮೆಸುಣ್ಣದ ಗೆರೆ ಎಳೆದಾಗಿತ್ತು. ಟೈಲರಮ್ಮ ಕತ್ತರಿಯನ್ನು ಬದಿಗಿಟ್ಟಳು. ಅಷ್ಟೂ ಬಟ್ಟೆಯನ್ನು ಒಳಕ್ಕೆ ಮಡಚಿ, ಸುತ್ತಲೂ ಗುಂಡುಸೂಜಿ ಚುಚ್ಚತೊಡಗಿದಳು.

"ನಾಳೆ ನಿಲ್ಲಲ್ಲ ಅಂದ್ನಲ್ಲಮ್ಮಾ. ಮತ್ಯಾಕೆ ಹೊಲೀತಿದ್ದೀಯ?"

"ಮುಂದಿನ ವರ್ಷಕ್ಕೆ."

"ಮುಂದಿನ ವರ್ಷಾನೂ ಹೇಳೋಕಾಗದಿದ್ರೆ?"

ಟೈಲರಮ್ಮ ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು, ಸೂಜಿಗೆ ಪೋಣಿಸಿಕೊಂಡಳು.

"ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದೀನಿ. ನೀನು ಬೆಳೆದ ಹಾಗೆ ಬಿಚ್ತಾ ಹೋದ್ರಾಯ್ತು."