ಒಂಬತ್ತು ಕಡಿಮೆ ಹತ್ತು ಸಾವಿರ

ಬೇಸಿಗೆ ರಜೆಯ ಒಂದು ಬುಧವಾರ, ಬೆಳಗಿನ ಹತ್ತು ಗಂಟೆ. ಶಾಲೆಯ ಅಂಗಳಕ್ಕೆ ಹಾಸಲೆಂದು ಊರಿನವರು ತಲಾ ಒಂದರಂತೆ ಮಾಡಿಕೊಟ್ಟ ಮಣ್ಣಿನ ಚದರ ಹಂಚುಗಳನ್ನು ಗಾರೆಯವಳು ಮೊದಲು ಗಾರೆ ಹಾಕದೆ ಬರಿದೇ ಜೋಡಿಸಿ ನೋಡಿದಳು. ಸಾಲಿಗೆ ನೂರರಂತೆ ನೂರು ಸಾಲು. ಕೊನೆಯ ಸಾಲಿನಲ್ಲಿ ಒಂಬತ್ತು ಜಾಗ ಬೊಕ್ಕಬಾಯಿಯ ಹಾಗೆ ಉಳಿಯಿತು.

"ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂದು," ಎಂದರು ಲೆಕ್ಕದ ಮೇಷ್ಟ್ರು. "ಹಠಮಾರಿ ಸಂಖ್ಯೆ ಕಣಮ್ಮ. ಎರಡರಿಂದ ಹಿಡಿದು ಎಂಬತ್ತೊಂಬತ್ತರವರೆಗೂ ಭಾಗಿಸಿದೆ, ಒಂದಕ್ಕೂ ಬಗ್ಗಲಿಲ್ಲ. ಒಂದೇ ಸಾಲಲ್ಲಿ ಊರಾಚೆ ತನಕ ಹಾಸ್ಬೇಕು, ಅಷ್ಟೆ. ಹಂಚು ಸುಡೋ ಗೂಡು ಬೇರೆ ಆರಿಹೋಗಿದೆ, ಇನ್ನೊಂಬತ್ತು ಮಾಡೋಕಾಗಲ್ಲ. ಕೊನೇ ಸಾಲು ಎತ್ತಿಬಿಡಮ್ಮ."

ಕೊನೆಯ ಸಾಲೆಂದರೆ ಸೊಟ್ಟಗಿದ್ದವೆಲ್ಲ. ಅದರಲ್ಲಿ ಗಾರೆಯವಳ ಅತ್ತೆಯ ಹಂಚೂ ಇತ್ತು. ನಡುವೆ ಹೆಬ್ಬೆಟ್ಟಿನ ಗುರುತು. ಅದನ್ನು ಕೊಡುವುದಕ್ಕೆಂದು ಅತ್ತೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಶಾಲೆಯ ಗೇಟು ದಾಟಿದ್ದಳು. ಈಗ ಬಂದು ಮೆಟ್ಟಿಲ ಮೇಲೆ ಕೂತಿದ್ದಳು.

"ಅದನ್ನ ಎತ್ತಿದ್ರೆ ನಾನು ಇಲ್ಲಿಂದ ಏಳಲ್ಲ," ಎಂದಳು ಅತ್ತೆ. "ಸಣ್ಣೋಳಿದ್ದಾಗ ತಮ್ಮನ್ನ ಬಿಡೋಕೆ ಬಂದೋಳು, ಗೇಟಿಂದಲೇ ವಾಪಸ್ ಹೋಗ್ತಿದ್ದೆ. ನಾನಂತೂ ಕಲೀಲಿಲ್ಲ, ನನ್ನ ಹಂಚಾದ್ರೂ ಶಾಲೇಲಿರ್ಲಿ."

"ಕೇಳಿದ್ರಾ ಮೇಷ್ಟ್ರೇ? ಸಂಜೆ ನೀವು ನಿಮ್ಮನೆಗೆ ಹೋಗ್ತೀರ. ನಾನು ಇವರ ಜೊತೆ ಒಂದೇ ಸೂರಿನ ಕೆಳಗೆ ಇರ್ಬೇಕು. ಹಂಚು ಅಂತ ಹೆಸರಿಟ್ಟು, ಹಂಚೋಕಾಗಲ್ಲ ಅಂದ್ರೆ ಹೆಂಗೆ?"

ಗಾರೆಯವಳು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಕೊನೆಯ ಸಾಲನ್ನು ಬುಟ್ಟಿಗಳಿಗೆ ತುಂಬಿದಳು. ಅದರ ಹಿಂದಿನದನ್ನೂ ತುಂಬಿದಳು. ಅದರ ಹಿಂದಿನದನ್ನೂ. "ಒಂದು ಎತ್ತು ಅಂದ್ರೆ ಮೂರು ಸಾಲು ಎತ್ತಿದೆಯಲ್ಲಮ್ಮ!" ಎಂದು ಮೇಷ್ಟ್ರು ಕೂಗಿದರು. ಅಂಚಿನ ಇಟ್ಟಿಗೆ ಇನ್ನೂ ಕಟ್ಟಿರಲಿಲ್ಲ, ಪಕ್ಕದಲ್ಲಿ ಜಾಗವಿತ್ತು. ಅವಳು ಉಳಿದ ಒಂದೊಂದು ಸಾಲಿನ ತುದಿಗೂ ಮೂರು ಮೂರು ಹಂಚು ಇಡುತ್ತ ಹೋದಳು. ಕೊನೆಯ ಸಾಲಿಗೆ ಮೂರನೆಯದನ್ನು ಇಟ್ಟಾಗ ಬುಟ್ಟಿಗಳೆಲ್ಲ ಖಾಲಿಯಾಗಿದ್ದವು. ಅಂಗಳದಲ್ಲಿ ಒಂದು ಕಂಡಿಯೂ ಇರಲಿಲ್ಲ.

ಮೇಷ್ಟ್ರು ಸಾಲು ಎಣಿಸಿದರು. ತೊಂಬತ್ತೇಳು. ಸಾಲಿಗೆ ನೂರಮೂರು. ಹಣೆ ಚಚ್ಚಿಕೊಂಡರು. "ಎಂಬತ್ತೊಂಬತ್ತಾದ ಮೇಲೆ ನೋಡ್ಬೇಕಾಗಿದ್ದಿದ್ದು ತೊಂಬತ್ತೇಳು ಒಂದನ್ನೇ! ಹೊಸ್ತಿಲ ತನಕ ಹೋಗಿ ಕದ ತಟ್ಟದೆ ಬಂದ್ನಲ್ಲ!"

"ಮೂರು ಸಾಲಿನೋರಿಗೆ ಜಾಗ ಇಲ್ಲ ಅಂದ್ರೆ ಸಾಲಿಗೆ ಮೂವರ ಹಾಗೆ ಕೂರಿಸ್ಕೊಳ್ಳೋದು," ಎಂದಳು ಗಾರೆಯವಳು. "ಇದ್ರಲ್ಲಿ ಲೆಕ್ಕ ಏನ್ ಬಂತು?"

ಮೇಷ್ಟ್ರು ಸುಮ್ಮನಾಗಲಿಲ್ಲ. "ಸರಿ, ಹತ್ತು ಸಾವಿರದ ಏಳು ಹಂಚು ಬಂದಿದ್ರೆ?"

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ಆ ಏಳನ್ನ ನಿಮ್ಮ ಮನೇಲಿ ಇಟ್ಕೊಳ್ಳಿ ಮೇಷ್ಟ್ರೇ."

ಮೇಷ್ಟ್ರು ಕೆಲಸದಿಂದ ನಿವೃತ್ತರಾಗಿ ಊರು ಬಿಟ್ಟದ್ದು ಅದೇ ಶನಿವಾರ. ಬೀಳ್ಕೊಡಲು ಬಂದವರು ಕೈ ಬೀಸುತ್ತಲೇ ಇದ್ದರು. ಬಸ್ಸಿನ ಕಿಟಕಿಯಲ್ಲಿ ಮೇಷ್ಟ್ರು ತಲೆ ಎತ್ತಲಿಲ್ಲ. ಟಿಕೆಟಿನ ಹಿಂಬದಿಯಲ್ಲಿ ಹತ್ತು ಸಾವಿರದ ಏಳನ್ನು ಭಾಗಿಸುತ್ತಿದ್ದರು.